ಎರಡು ಕುಣಿ, ಒಬ್ಬ ಹವಾಲ್ದಾರ

ಲಾರಿಯ ಕ್ಲೀನರ್ ಎಂದರೆ ಲಾರಿಯ ಅರ್ಧ ಮಾಲಕ ಎಂದು ನಮ್ಮವ್ವ ಊರೆಲ್ಲ ಹೇಳಿಕೊಂಡು ಬಂದಿದ್ದಳು. ನಿಜ ಹೇಳಬೇಕೆಂದರೆ ಎಂಜಿನ್ನಿಗೆ ಹ್ಯಾಂಡಲ್ ಹಾಕಿ ತಿರುವುವುದು, ಗಾಲಿಗೆ ಕಲ್ಲು ಕೊಡುವುದು, ಡ್ರೈವರ್ ಬಾಬುಲಾಲ ಮಾಮಾನ ಬೈಗುಳ ತಿನ್ನುವುದು, ಇಷ್ಟಕ್ಕೆ ನನಗೆ ಪಗಾರ. ಮೂರರಲ್ಲಿ ಕೊನೆಯದೊಂದನ್ನು ಮಾತ್ರ ಯಾರೂ ಹೆಸರಿಡದಂತೆ ಮಾಡುತ್ತಿದ್ದೆ. ಅಂಥ ನನ್ನ ಪಾಲಿಗೆ ಅರವತ್ತೊಂದನೆಯ ಇಸವಿಯ ಬೇಸಿಗೆಯಲ್ಲಿ ಶಮಶುದ್ದೀನ ಹವಾಲ್ದಾರರನ್ನು ವಿಜಾಪುರದಿಂದ ತರುವ ಕೆಲಸ ಬಿತ್ತು. ಜೀವ ಇದ್ದಾಗಲ್ಲ, ಹೋದ ಮೇಲೆ.

ಡೋಣಿ ಹೊಳೆಯ ದಂಡೆಯ ಒಂದು ಹಳ್ಳಿಯಲ್ಲಿ ಅಣ್ಣತಮ್ಮಂದಿರು ಹೊಲದ ಬದುವಿಗಾಗಿ ಕೊಡಲಿ ಎತ್ತಿ ನಿಂತಿದ್ದರು. ಮನಗೂಳಿಯ ಪೊಲೀಸ್ ಚೌಕಿಯಿಂದ ಹೋದ ಹವಾಲ್ದಾರರು ಲಾಠಿಯನ್ನು ಅಡ್ಡ ಹಿಡಿದು ನಡುವೆ ನುಗ್ಗಿ, ಒಬ್ಬನನ್ನು ಆ ಕಡೆ ಒಬ್ಬನನ್ನು ಈ ಕಡೆ ದಬ್ಬಿದರಂತೆ. ತಮ್ಮನಿಗೆಂದು ಎತ್ತಿದ ಪೆಟ್ಟು ಇವರ ಕುತ್ತಿಗೆಯ ಬುಡಕ್ಕೆ ಬಿತ್ತು. ಜೊತೆಗಿದ್ದ ಪೊಲೀಸ್ ಅಮಸಿದ್ದ ಹೊತ್ತುಕೊಂಡು ಓಡಿದ. ವಿಜಾಪುರದ ದವಾಖಾನೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಸುದ್ದಿ ಬಂದ ಕೂಡಲೇ ಮನಗೂಳಿಯ ಪೇಟೆಯವರು ಸರಕಾರಿ ಗಾಡಿಯ ದಾರಿ ಕಾಯಲಿಲ್ಲ. ಹತ್ತಿ ಹೇರುವ ನಮ್ಮ ಲಾರಿಯನ್ನು ಖಾಲಿ ಮಾಡಿಸಿ, "ನಮ್ಮ ಹವಾಲ್ದಾರ್ರನ್ನ ನೀವ ತರ್ರಿ" ಎಂದು ಕಳಿಸಿದರು. ವಿಜಾಪುರದಲ್ಲಿ ನೀರು ಹಾಕಿ ಕಫನ್ ಬಟ್ಟೆ ಸುತ್ತಿ ಕೊಟ್ಟರು. ಲಾರಿಯಲ್ಲಿ ಚೀಲ ಹಾಸಿ ಮಲಗಿಸಿದೆವು. ಅಮಸಿದ್ದ ಕಾಲ ಬಳಿ ಕುಳಿತ.

"ಬಾಬುಲಾಲ, ಮನಗೂಳ್ಯಾಗ ಒಂದ್ ಗಳಿಗಿ ನಿಂತು ಮುಖ ತೋರಸೂದು, ಮುಂದ ಸೀದಾ ಇಂಗಳೇಶ್ವರ. ಅವರವ್ವ ಅಲ್ಲಿ ಕುಣಿ ತೋಡಿಸ್ಯಾಳ, ಅವರಪ್ಪನ ಮಗ್ಗಲದಾಗ. ಆಕಿಗೆ ಹೇಳಿ ಕಳಿಸಿ ಮಾತು ಕೊಟ್ಟೇನಿ" ಎಂದ ಅಮಸಿದ್ದ.

"ಹೊತ್ತು ಮುಳುಗೂದ್ರಾಗ ಮುಟ್ಟಸ್ತೇನಿ" ಎಂದ ಮಾಮಾ. ನನ್ನ ಕಡೆ ತಿರುಗಿ, "ಈ ಮಬ್ಬ ಸೋಮನಿಂಗ ನಡುವ ಏನೂ ಘೋಟಾಳೆ ಮಾಡದಿದ್ದರ" ಎಂದ.

ಮನಗೂಳಿಯ ಅಗಸಿ ಬಾಗಿಲು ದಾಟುತ್ತಲೇ ಲಾರಿ ತಾನಾಗಿ ನಿಧಾನವಾಯಿತು. ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ರಸ್ತೆಯ ಎರಡೂ ಬದಿಗೆ ಗಂಡಸರು ರುಮಾಲು ತೆಗೆದು ಕೈಯಲ್ಲಿ ಹಿಡಿದು ಬರಿದಲೆಯಲ್ಲಿ ನಿಂತಿದ್ದರು. ದಿನಾ ಕಾಣುವ ಮಂದಿ, ಬರಿದಲೆಯಲ್ಲಿ ಗುರುತೇ ಸಿಗಲಿಲ್ಲ. ಮರ್ಯಾದೆಗೆಂದು ನಾನೂ ತಲೆಗೆ ಕೈ ಹಾಕಿದೆ. ತೆಗೆಯಲಿಕ್ಕೆ ಗ್ರೀಸು ಬಿಟ್ಟು ಬೇರೇನೂ ಇರಲಿಲ್ಲ.

ಈ ಮಂದಿಗೆ ಹವಾಲ್ದಾರರೆಂದರೆ ಏನಾಗಿದ್ದರು ಎಂಬುದು ಅಲ್ಲಿ ಸಂತೆ ಮಾಡಿದವರಿಗೆ ಗೊತ್ತು. ಆಳು ಎತ್ತರ. ಸಂತೆಯಲ್ಲಿ ಮಗು ತಪ್ಪಿಸಿಕೊಂಡರೆ ಕೂಗಾಡುತ್ತಿರಲಿಲ್ಲ. ಅದನ್ನು ಹೆಗಲ ಮೇಲೆ ಕೂಡ್ರಿಸಿಕೊಂಡು, ಅದರ ಕೈಗೆ ಒಂದು ಮುಷ್ಟಿ ಚುರಮುರಿ ಕೊಟ್ಟು, ಸಂತೆಯ ನಡುಮಧ್ಯ ಸುಮ್ಮನೆ ನಿಂತುಬಿಡುತ್ತಿದ್ದರು. ಎಲ್ಲರ ತಲೆಗಿಂತ ಮೇಲೆ ಆ ಮಗುವಿನ ತಲೆ. ತಾಯಿ ಎಲ್ಲಿದ್ದರೂ ಕಂಡು ಓಡಿ ಬರುತ್ತಿದ್ದಳು. ಹೆಂಡತಿ ಸುಗ್ರಾ ಹೆರಿಗೆಯಲ್ಲಿ ತೀರಿಕೊಂಡ ಮೇಲೆ ಅವರಿಗೆ ಮಕ್ಕಳೆಂದರೆ ಈ ಸಂತೆಯ ಮಕ್ಕಳೇ. ಚೌಕಿಯ ಹಿಂದಿನ ಖೋಲಿಯೇ ಮನೆ.

ನನಗೂ ಅವರಿಗೂ ಒಂದು ವ್ಯವಹಾರ ಆಗಿತ್ತು. ಒಂದು ಸಂಜೆ ಬಾಡಿಗೆ ಸೈಕಲ್ಲಿನಲ್ಲಿ ದೀಪವಿಲ್ಲದೆ ಬರುತ್ತಿದ್ದೆ. ಹಿಡಿದು ನಿಲ್ಲಿಸಿ ಎರಡೂ ಗಾಲಿಯ ಗಾಳಿ ಬಿಟ್ಟು, "ನಿನ್ನ ಗಾಳಿ ಚೌಕ್ಯಾಗ ಐತಿ, ಮುಂಜಾನೆ ಬಂದು ಒಯ್ಯಿ" ಎಂದರು. ಮುಂಜಾನೆ ಹೋದರೆ ಬಸಿಯಲ್ಲಿ ಚಹಾ ಹಾಕಿ ಕೊಟ್ಟು, ತಾವೇ ಪಂಪು ಹೊಡೆದರು. ನನ್ನ ಗಾಳಿ ನನಗೇ ತಿರುಗಿ ಕೊಟ್ಟದ್ದಕ್ಕೆ ಎರಡೂ ಕೈ ಮುಗಿದು ಬಂದೆ. ಅಷ್ಟು ಶಾಣ್ಯಾ ನಾನು.

ಮಸೀದಿಯ ಮುಂದೆ ಲಾರಿ ನಿಂತಿತು. ಮಸೀದಿ ನೋಡಿಕೊಳ್ಳುವ ಹಿರಿಯ ಮೋದಿನಸಾಬ ಮುಂದೆ ಬಂದು, "ಇಳಸ್ರಿ. ನಮಾಜು ಮಾಡಿ ಮಣ್ಣು ಕೊಡೂಣು. ಕುಣಿ ತಯಾರ ಐತಿ" ಎಂದ.

"ಯಾವ ಕುಣಿ?" ಎಂದ ಅಮಸಿದ್ದ.

"ಇಲ್ಲೇ, ನಮ್ಮ ಕಬರಸ್ತಾನದಾಗ. ನಸುಕಿನ್ಯಾಗ ಎದ್ದು ತೋಡೇವಿ. ಎರಿ ಮಣ್ಣಿನ ಕೆಳಗ ಕಲ್ಲು ಬಂತು. ಕುರುಬರು ಕಬ್ಬಿಣದ ಹಾರಿ ಹಿಡಿದ್ರು, ಹಮಾಲರು ಬುಟ್ಟಿ ಹೊತ್ರು. ಯಾರಿಗೂ ಯಾರೂ ಹೇಳಲಿಲ್ಲ."

"ಅವರವ್ವ ಅಲ್ಲಿ ಕುಣಿ ತೋಡಿಸಿ ಕುಂತಾಳ್ರೀ!"

ಚುರಮುರಿ ಮಾರುವ ಗುಂಡವ್ವ ಲಾರಿಯ ಮುಂದೆಯೇ ನೆಲಕ್ಕೆ ಕುಳಿತುಬಿಟ್ಟಿದ್ದಳು. ಅಲ್ಲಿಂದಲೇ ಕೂಗಿದಳು: "ನಮ್ಮೆಲ್ಲಾರ ಕೂಸುಗೋಳನ್ನ ಹೆಗಲ ಮ್ಯಾಲ ಹೊತ್ತಾನ. ನಾವು ಒಂದ್ ಸಲ ಹೆಗಲ ಕೊಡಬಾರದೇನು? ನಮ್ಮ ಊರ ಬಿಡಿಸಿ ಒಯ್ಯಾಕ ನೀ ಯಾರಲೇ ಅಮಸಿದ್ದ?"

"ನಾ ಯಾರೂ ಅಲ್ಲಬೇ. ಆಕಿ ತಾಯಿ."

ಮಾತಿಗೆ ಮಾತು ಬೆಳೆಯಿತು. ಅತ್ತಿದ್ದ ಕಣ್ಣುಗಳೇ ಸಿಟ್ಟಿಗೆದ್ದವು. ಮಾಮಾ ನನ್ನ ಕಿವಿಯಲ್ಲಿ, "ಹೊತ್ತು ಇಳಿಯಾಕತ್ತೇತಿ, ಹ್ಯಾಂಡಲ್ ಹಾಕಲೇ" ಎಂದ. ಹೋಗಿ ನೋಡಿದರೆ ಬಂಪರಿನ ಮೇಲೆ ಇಟ್ಟಿದ್ದ ಹ್ಯಾಂಡಲ್ ಇಲ್ಲ. ಲಾರಿಯ ಕೆಳಗೆ ನೋಡಿದೆ, ಸೀಟಿನ ಕೆಳಗೆ ನೋಡಿದೆ, ಬುದ್ಧಿವಂತನಂತೆ ನನ್ನ ಜೇಬಿನಲ್ಲೂ ನೋಡಿದೆ. ಕೈಯುದ್ದದ ಕಬ್ಬಿಣ!

"ಕಳದಿ?" ಎಂದ ಮಾಮಾ.

"ಕಳದಿಲ್ಲ ಮಾಮಾ, ಸಿಗವೊಲ್ಲದು."

ಆ ಹೊತ್ತಿಗೆ ಬಾಗೇವಾಡಿ ಕಡೆಯಿಂದ ವಿಜಾಪುರದ ಬಸ್ಸು ಬಂದು ಜನದ ಹಿಂದೆ ನಿಂತಿತು. ಅದರಿಂದ ಒಬ್ಬ ಮುದುಕಿ ಇಳಿದಳು. ಮಾಸಿದ ಹಸಿರು ಸೀರೆಯ ಸೆರಗು ತಲೆಯ ಮೇಲೆ, ಕಾಲಲ್ಲಿ ಚಪ್ಪಲಿ ಇಲ್ಲ. ಯಾರೂ ಹೇಳದೆಯೇ ಜನ ದಾರಿ ಬಿಟ್ಟರು. ಹವಾಲ್ದಾರರ ಮೂಗು, ಹವಾಲ್ದಾರರ ಎತ್ತರ. ತಾಯಿ ಮಾಬುಬಿ. ಮನಗೂಳಿಯಲ್ಲಿ ಕುಣಿ ತೋಡುತ್ತಿದ್ದಾರೆಂದು ಮುಂಜಾನೆಯ ಬಸ್ಸಿನವರು ಹೇಳಿದ್ದನ್ನು ಕೇಳಿ ಎದ್ದು ಬಂದಿದ್ದಳು.

ಹತ್ತಲಿಕ್ಕೆ ನಾನು ಕೈ ಕೊಟ್ಟೆ. ಮುಖದ ಮೇಲಿನ ಬಟ್ಟೆ ಸರಿಸಿ ಬಹಳ ಹೊತ್ತು ನೋಡಿದಳು. ಅಳಲಿಲ್ಲ. ಆಮೇಲೆ ಎದ್ದು ನಿಂತು ಜನದ ಕಡೆ ತಿರುಗಿದಳು.

"ಎಪ್ಪಗೋಳ್ರ್ಯಾ, ಇಂವ ನೌಕರಿಗೆ ಹೋದಾಗ ಮೀಸಿ ಮೂಡಿದ್ದಿಲ್ಲ. ಹಬ್ಬಕ್ಕ ಬಾ ಅಂದ್ರ, ಹಬ್ಬದಾಗ ಬಂದೋಬಸ್ತ ಐತಿ ಅಂತಿದ್ದ. ಜಡ್ಡಾಗೇನಿ ಬಾ ಅಂದ್ರ, ಸಂತಿ ಮುಗಿಸಿ ಬರ್ತೇನಿ ಅಂತಿದ್ದ. ನಾ ಸಿಟ್ಟಾಗಲಿಲ್ಲ. ನಿಮ್ಮೂರ ಜ್ವಾಳ ಉಂಡಾನ, ಜ್ವಾಳದ ಪಾಳಿ ತೀರಿಸ್ಯಾನ. ಇನ್ನರೆ ನನಗ ಕೊಡ್ರಿ."

ಗುಂಡವ್ವ ನೆಲಕ್ಕೆ ಕೈಯೂರಿ ಎದ್ದಳು. ಅವಳು ಕುಳಿತಿದ್ದ ಜಾಗದಲ್ಲಿ ನನ್ನ ಹ್ಯಾಂಡಲ್ ಬಿದ್ದಿತ್ತು. ಸೆರಗಿನಿಂದ ಅದರ ಮಣ್ಣು ಒರಸಿ ನನ್ನ ಕೈಗೆ ಕೊಟ್ಟಳು. ಬೈಯಬೇಕೆಂದು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿದೆ.

ಮೋದಿನಸಾಬ ದನಿ ಇಳಿಸಿ, "ಒಯ್ಯವ್ವಾ, ನಿನ್ನ ಮಗ. ಆದರ ತೋಡಿದ ಕುಣಿ ಬರಿದ ಬಿಟ್ರ ಊರಿಗೆ ಛಲೋ ಅಲ್ಲ ಅಂತಾರ. ಅದಕ್ಕೇನ ಮಾಡೂಣು?" ಎಂದ.

"ಜ್ವಾಳ ಹಾಕಿ ಮುಚ್ಚರಿ" ಎಂದಳು ಮಾಬುಬಿ. "ನಮಾಜು ಇಲ್ಲೇ ಆಗಲಿ. ನನ್ನೂರಾಗ ಇಷ್ಟ ಮಂದಿ ಇಲ್ಲ."

ನಮಾಜು ಆಯಿತು. ಸಾಲಿನ ಹಿಂದೆ ಕುರುಬರು, ಹಮಾಲರು, ಅಂಗಡಿಕಾರರು ಕೈಕಟ್ಟಿ ನಿಂತಿದ್ದರು. ಹೆಂಗಸರು ಮೊರದಲ್ಲಿ ಜೋಳ ಹಿಡಿದು ಮನೆಗಳಿಂದ ಹೊರಬರತೊಡಗಿದರು. ನಾನು ಹ್ಯಾಂಡಲ್ ಹಾಕಲು ಹೋದೆ. ಒಬ್ಬ ಹಮಾಲ ನನ್ನ ರಟ್ಟೆ ಹಿಡಿದ. "ಬ್ಯಾಡೋ ತಮ್ಮಾ. ಗಾಡಿ ಸಪ್ಪಳ ಮಾಡಬ್ಯಾಡ."

ಅವರೇ ದಬ್ಬಿದರು. ಮಾಮಾ ಸ್ಟೇರಿಂಗ್ ಹಿಡಿದು ಕುಳಿತದ್ದಷ್ಟೇ. ಹೆಗಲು ಸಿಕ್ಕವರು ಹೆಗಲು ಕೊಟ್ಟರು. ಸಿಗದವರು ದಬ್ಬುವವನ ಬೆನ್ನಿಗೆ ಕೈ ಕೊಟ್ಟರು. ಅಷ್ಟು ದೊಡ್ಡ ಲಾರಿ ಊರ ನಡುವೆ ಒಂದು ಮಾತಿಲ್ಲದೆ ಹೋಯಿತು. ನಾನೂ ದಬ್ಬಿದೆ. ನನ್ನ ಕಡೆ ಲಾರಿ ಹೆಚ್ಚು ಸರಿದಂತೆ ಕಾಣಲಿಲ್ಲ.

ಊರ ಹೊರಗೆ ಎಂಜಿನ್ ಎಬ್ಬಿಸಿದಾಗ ಹೊತ್ತು ಬಹಳ ಇಳಿದಿತ್ತು. ಮಾಮಾ ಲಾರಿಯನ್ನು ಬಿಟ್ಟೇಬಿಟ್ಟ. ಕಲ್ಲುದಾರಿ, ತಗ್ಗು. ಮಾಬುಬಿ ಮಗನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡೂ ಕೈಯಿಂದ ಹಿಡಿದಿದ್ದಳು. ಪ್ರತಿ ತಗ್ಗಿಗೂ ಅವಳ ಮೈ ತಡೆದುಕೊಳ್ಳುತ್ತಿತ್ತು. ಬಾಗೇವಾಡಿ ದಾಟಿ ಇಂಗಳೇಶ್ವರದ ದಾರಿಗೆ ತಿರುಗಿದೆವು. ಆಗ ಅವಳು ನನ್ನನ್ನು ಕರೆದಳು.

"ತಮ್ಮಾ, ಸಾವಕಾಶ ಹೊಡಿ ಅನ್ನು ಅವಗ."

"ಹೊತ್ತು ಮುಳುಗತೈತಿ ಅವ್ವಾ. ಅಲ್ಲಿ ಎಲ್ಲಾರು ಕಾಯಾಕತ್ತಾರ."

"ಮುಳುಗಲಿ. ಅಲ್ಲಿ ಮುಟ್ಟಿದ ಕೂಡ್ಲೆ ಗಂಡಸರು ಎತ್ಕೊಂಡು ಹೋಗ್ತಾರ. ನಾವು ಹೆಂಗಸರು ಕಬರಸ್ತಾನಕ್ಕ ಹೋಗಂಗಿಲ್ಲ. ನನಗ ಉಳಿದದ್ದು ಇಷ್ಟ ದಾರಿ."

ನಾನು ಕ್ಯಾಬಿನ್ನಿನ ತಗಡು ಬಡಿದೆ. ಲಾರಿ ನಿಂತಿತು. ಮಾಮಾ ಬೈಯುತ್ತಲೇ ಇಳಿದು ಬಂದ: "ಈಗೇನ ಕಳಕೊಂಡಿಯೋ ಹಡಬಿಟ್ಟಿ?" ಅವಳು ಹೇಳಿದ್ದನ್ನು ಹೇಳಿದೆ. ಅವನು ತಿರುಗಿ ಹೋಗಿ ಕುಳಿತ.

ಆಮೇಲೆ ಲಾರಿ ಎತ್ತಿನ ನಡಿಗೆಯಲ್ಲಿ ಹೋಯಿತು. ಹೊಲದಿಂದ ಮನೆಗೆ ಹೊರಟ ಚಕ್ಕಡಿಗಳು ನಮ್ಮನ್ನು ಹಿಂದೆ ಹಾಕಿ ಹೋದವು. ಮಾಬುಬಿ ತನ್ನ ಭಾಷೆಯಲ್ಲಿ ಮಗನ ಜೊತೆ ಏನೋ ಮಾತಾಡುತ್ತಿದ್ದಳು. ನಡುನಡುವೆ ಬೈಯುತ್ತಿದ್ದಳೆಂದು ಮಾತ್ರ ತಿಳಿಯಿತು. ಬೈಗುಳದ ದನಿ ನನಗೆ ಯಾವ ಭಾಷೆಯಲ್ಲಿದ್ದರೂ ತಿಳಿಯುತ್ತದೆ. ಅಮಸಿದ್ದ ಮುಖ ಆಚೆ ತಿರುಗಿಸಿದ್ದ.

ಇಂಗಳೇಶ್ವರದವರು ಕಂದೀಲು ಹಿಡಿದು ಊರ ಹೊರಗೆ ನಿಂತಿದ್ದರು. ಲಾರಿ ನಿಂತ ಮೇಲೂ ಅವಳು ಏಳಲಿಲ್ಲ. ಯಾರೂ ಅವಸರ ಮಾಡಲಿಲ್ಲ. ಕೊನೆಗೆ ಮಗನ ಹಣೆಯ ಮೇಲೆ ಕುಳಿತಿದ್ದ ದಾರಿಯ ಧೂಳನ್ನು ಅಂಗೈಯಿಂದ ಒರಸಿ, ಮುಖಕ್ಕೆ ಬಟ್ಟೆ ಎಳೆದು, ತಲೆಯನ್ನು ಚೀಲದ ಮೇಲೆ ಮೆಲ್ಲಗೆ ಇಳಿಸಿದಳು.

"ಒಯ್ಯಿರಿ" ಎಂದಳು.