ಹೊಟ್ಟೆಯ ರೋಗಾಣುವಿಗೆ ಅಡುಗೆ ಮಾಡುವಾಕೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ಪುಟ್ಟ ಕೋಣೆಯಲ್ಲಿ ಫ್ಯಾನ್ ಆರಿಸಿ, ಬಾಗಿಲು ಮುಚ್ಚಿಕೊಂಡು, ಅವರು ಬೆಚ್ಚಗಿನ ಗಾಜಿನ ಕುಪ್ಪಿಯನ್ನು ಕೆನ್ನೆಗೆ ತಾಗಿಸಿ ಹದ ನೋಡುತ್ತಾರೆ. ಒಳಗೆ ಅಗರ್ ಎಂಬ ಅಂಟು ಕರಗಿದೆ. ಅದಕ್ಕೆ ಕುರಿಯ ರಕ್ತ ಬೆರೆಸಬೇಕು. ಬಿಸಿ ಹೆಚ್ಚಾದರೆ ರಕ್ತ ಬೆಂದುಹೋಗುತ್ತದೆ, ತೀರಾ ಆರಿದರೆ ಅಂಟು ಗಡ್ಡೆ ಕಟ್ಟುತ್ತದೆ. ಹದ ಸಿಕ್ಕಿದೊಡನೆ ರಕ್ತ ಬೆರೆಸಿ, ಗುಳ್ಳೆ ಏಳದಂತೆ ಪುಟ್ಟ ತಟ್ಟೆಗಳಿಗೆ ಸುರಿಯುತ್ತಾರೆ.

ಪ್ರಯೋಗಾಲಯದಲ್ಲಿ ಎಲ್ಲರೂ ಇವರನ್ನು ಕರೆಯುವುದು ಅಡುಗೆಯಮ್ಮ ಎಂದೇ. "ಇವತ್ತೇನಮ್ಮ ಸ್ಪೆಷಲ್ಲು?" ಎಂದು ಡಾಕ್ಟರು ಇಣುಕುತ್ತಾರೆ. "ನಿಮಗಲ್ಲ ಬಿಡಿ ಸಾರ್, ಉಣ್ಣೋರು ಬೇರೆ ಇದ್ದಾರೆ."

ಉಣ್ಣಬೇಕಾದದ್ದು ಹೊಟ್ಟೆಯಲ್ಲಿ ಹುಣ್ಣು ಮಾಡುವ ಬ್ಯಾಕ್ಟೀರಿಯಾ. ದೊಡ್ಡವರ ಗಂಟಲಿನಿಂದ ತೆಗೆದ ಕೆಲವು ಟಾನ್ಸಿಲ್‌ಗಳಲ್ಲೂ ಅದರ ಗುರುತು ಇಲ್ಲಿನ ವೈದ್ಯರಿಗೆ ಸಿಕ್ಕಿದೆ. ಅದು ಅಲ್ಲಿ ಬದುಕಿರುತ್ತದೆಯೇ ಎಂಬುದು ಮಾತ್ರ ತಟ್ಟೆಯ ಮೇಲೆ ಬೆಳೆದರಷ್ಟೇ ಖಚಿತ. ಈವರೆಗೆ ಬೆಳೆದಿಲ್ಲ. ಬಾಯಿಯ ಬೇರೆ ಕ್ರಿಮಿಗಳು ಕರೆಯದ ನೆಂಟರಂತೆ ನುಗ್ಗಿ ತಟ್ಟೆ ಬಳಿದುಬಿಡುತ್ತವೆ.

ಗಾಜು ತೊಳೆಯಲು ಸೇರಿದವರು ಇವರು. ಪಾತ್ರೆಗಳ ಕ್ರಿಮಿ ಕೊಲ್ಲುವ ಹಬೆಯ ಯಂತ್ರ ಸುಟ್ಟ ಕಲೆ ಮೊಣಕೈಯಲ್ಲಿ ಇನ್ನೂ ಇದೆ. ಕೆಟ್ಟ ತಟ್ಟೆ ಬಿಸಾಡುವಾಗ ಬೇಜಾರಾಗುವುದಿಲ್ಲವೇ ಎಂದು ಕೇಳಿದರೆ, "ಆಗುತ್ತೆ. ಮಾರನೇ ದಿನ ಮತ್ತೆ ಒಲೆ ಹಚ್ತೀನಿ. ಅದು ಹಟಮಾರಿ, ನಾನೇನು ಕಮ್ಮಿಯಾ?"

ಹಟಕ್ಕೆ ಕಾರಣ ಮನೆಯಲ್ಲೇ ಇದೆ. ಅಕ್ಕನ ಹೊಟ್ಟೆಹುಣ್ಣು ಎರಡು ಸಲ ಔಷಧಿ ಮುಗಿಸಿದರೂ ಮರಳಿ ಬಂತು. ಗಂಟಲೂ ಪದೇ ಪದೇ ಊದುತ್ತಿತ್ತು. ರೋಗಾಣು ಗಂಟಲಲ್ಲಿ ಅಡಗಿದ್ದು ಮತ್ತೆ ಕೆಳಗಿಳಿಯುತ್ತದೆಯೇ? ವೈದ್ಯರಿಗೂ ಗೊತ್ತಿಲ್ಲ. ಇವತ್ತು ಮೇಲಿನ ಮಹಡಿಯಲ್ಲಿ ಅಕ್ಕನ ಟಾನ್ಸಿಲ್ ತೆಗೆಯುತ್ತಾರೆ. ತುಣುಕೊಂದು ಈ ತಟ್ಟೆಗಳಿಗೇ ಬರುತ್ತದೆ.

ನಿನ್ನೆ ಊಟದ ಹೊತ್ತಿಗೆ ಅಕ್ಕ ಕೆಣಕಿದ್ದಳಂತೆ: "ನನ್ನ ಹೊಟ್ಟೆ ಸುಡೋ ಹುಳಕ್ಕೆ ಊಟ ಹಾಕ್ತೀಯಲ್ಲೇ, ನೀನು ಯಾರ ಕಡೆ?"

"ಉಣ್ಣೋಕೆ ಬಂದ್ರೆ ತಾನೇ ಅಕ್ಕ, ಹಿಡಿಯೋಕಾಗೋದು?"

ಮಧ್ಯಾಹ್ನಕ್ಕೆ ಮುಂಚೆ ಮಂಜುಗಡ್ಡೆಯ ಡಬ್ಬಿಯಲ್ಲಿ ಅಕ್ಕನದೂ ಬೇರೆಯವರದೂ ಟಾನ್ಸಿಲ್ ತುಣುಕುಗಳಿರುವ ಬಾಟಲಿಗಳು ಇಳಿದು ಬರುತ್ತವೆ. ಅವುಗಳ ಮೇಲೆ ಹೆಸರಿಲ್ಲ, ಬರೀ ಸಂಖ್ಯೆ. ತುಣುಕು ಸವರಿದ ತಟ್ಟೆಗಳನ್ನು ಈ ರೋಗಾಣುವಿಗೆ ಒಗ್ಗುವಂತೆ ಗಾಳಿ ಕಡಿಮೆಯಿರುವ ಜಾಡಿಗೆ ಸೇರಿಸಿ, ಅಡುಗೆಯಮ್ಮ ಮುಚ್ಚಳ ಬಿಗಿಯುತ್ತಾರೆ. ಇನ್ನು ಕೆಲವು ದಿನ ತೆರೆಯುವಂತಿಲ್ಲ.

ಅಕ್ಕನದು ಯಾವುದೆಂದು ತಿಳಿಯಬೇಕೆನಿಸುವುದಿಲ್ಲವೇ ಎಂದರೆ, ಕೈ ಒರೆಸಿಕೊಳ್ಳುತ್ತಾ ಹೇಳುತ್ತಾರೆ:

"ತಿಳಿದು ಏನು ಮಾಡ್ಲಿ? ಎಲ್ಲಾ ತಟ್ಟೇನೂ ಅಕ್ಕಂದೇ ಅಂದ್ಕೊಂಡು ಮಾಡಿದೀನಿ."