ಬಳೆಯಿಲ್ಲದ ತೋಳಿಗೆ ಲಸಿಕೆ

“ಈಗ ಚುಚ್ಚರಿ ಸಿಸ್ಟರ್, ತೋಳ ಖಾಲಿ ಆಗೈತಿ” ಎನ್ನುತ್ತ ಶಾಂತಾಬಾಯಿ ನರ್ಸ್ ಮುಂದೆ ಕುಳಿತರು. ಕುಷ್ಟಗಿ ಕಡೆಯ ಲಂಬಾಣಿ ತಾಂಡಾವೊಂದರ ಶಾಲೆಯಲ್ಲಿ ಕೋವಿಡ್ ಲಸಿಕೆ ಹಾಕುತ್ತಿದ್ದರು. ಜನರಿಗೆ ತಿಳಿಹೇಳುವ ಕೆಲಸ ನನ್ನದಾಗಿತ್ತು.

ಹಿಂದಿನ ಸಲ ಅವರು ಒಪ್ಪಿರಲಿಲ್ಲ. ಮೊಣಕೈಯಿಂದ ಭುಜದವರೆಗೂ ಬಿಗಿಯಾಗಿ ಬಿಳಿ ಬಳೆಗಳಿದ್ದವು. ಲಸಿಕೆಗೆ ಅವನ್ನು ತೆಗೆಯಬೇಕಿತ್ತು. ಆದರೆ ಗಂಡ ಸತ್ತಾಗ ಮಾತ್ರ ತೆಗೆಯುವ ಬಳೆ ಅವು.

“ಸೂಜಿಗೆ ನಾ ಅಂಜಂಗಿಲ್ರಿ ಸರ್. ಗಂಡ ಅಲ್ಲಿ ಗಂಗಾವತಿ ಅಕ್ಕಿ ಗಿರಣ್ಯಾಗ ಗಟ್ಟಿಮುಟ್ಟಾಗಿ ಅದಾನ, ನಾ ಇಲ್ಲಿ ಬಳಿ ತೆಗದು ಕುಂದರ್ಲೇನು?” ಎಂದು ಗದರಿದ್ದರು. ಸುತ್ತಲಿನ ಹೆಂಗಸರೆಲ್ಲ ನಕ್ಕಿದ್ದರು, ನಾನೂ ನಕ್ಕಿದ್ದೆ.

ಆಮೇಲೆ ಜ್ವರ ಹೊತ್ತು ಊರಿಗೆ ಬಂದ ಗಂಡ ಕೋವಿಡ್‌ನಿಂದಲೇ ತೀರಿಕೊಂಡರು. ಅವರಿಗೂ ಲಸಿಕೆ ಆಗಿರಲಿಲ್ಲ.

ಬಳೆ ಇದ್ದ ಕಡೆ ಚರ್ಮ ಬಿಸಿಲನ್ನೇ ಕಾಣದೆ ಬಿಳಿಚಿಕೊಂಡಿತ್ತು. ನರ್ಸ್ ಅಲ್ಲಿಯೇ ಚುಚ್ಚಿದರು. ನಾನು ಎಲ್ಲರಿಗೂ ಹೇಳುವುದನ್ನೇ ಹೇಳಿದೆ: “ಹೆದರಬ್ಯಾಡ್ರಿ ಯವ್ವಾ. ಒಂದೆರಡು ದಿನ ಜ್ವರ ಬಂದು ಹೋಗ್ತದ. ನೋಡಿಕೊಳ್ಳಾಕ ಯಾರಾದ್ರೂ ಹತ್ರ ಇರ್ಲಿ.”

“ಯಾರಿರ್ತಾರ್ರಿ ಸರ್?” ಎಂದರು. “ಇದ್ದವ ಅವನೊಬ್ಬನ.”

ಅದಕ್ಕೆ ನಾನೇನೋ ಸಮಾಧಾನ ಹೇಳಿದೆ ಎಂದು ಮನಸ್ಸು ಇವತ್ತಿಗೂ ನಂಬಿಸಲು ನೋಡುತ್ತದೆ. ಆ ಸಮಾಧಾನದ ಮಾತನ್ನು ನಾನೇ ಆಮೇಲೆ ಸೇರಿಸಿಕೊಂಡಿರಬೇಕು. ಖಚಿತವಾಗಿ ನೆನಪಿರುವುದು ಇಷ್ಟೇ: ಜ್ವರದ ಮಾತ್ರೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಅವರು ಒಬ್ಬರೇ ಮನೆಯತ್ತ ನಡೆದರು.