ಹಿಂದಕ್ಕೆ ಕರೆಯದ ರಾಜ

ನಾಲ್ಕು ಸಾವಿರ ರೂಪಾಯಿ. ಒಂದು ಕಂಪ್ಯೂಟರ್ ಆಟಕ್ಕೆ, ಭತ್ತದ ದಲಾಲಿಯಾದ ನಾನು ಚೌಕಾಸಿಯನ್ನೇ ಮಾಡದೆ ಕೊಟ್ಟೆ. ಆನ್‌ಲೈನ್ ಅಂಗಡಿ; ಚೌಕಾಸಿ ಮಾಡಲು ಎದುರಿಗೆ ಮನುಷ್ಯನಾದರೂ ಇರಬೇಕಲ್ಲ! ಕಾರಣ ನನ್ನ ಹೆಂಡತಿ ಗಿರಿಜಾ. ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡು ಮಂಚ ಹಿಡಿದಿದ್ದಳು. ಧಾರಾವಾಹಿಗಳೂ ಸಾಕಾಗಿ, ಕಾರಟಗಿಯ ನಮ್ಮ ಮನೆಯ ಗೋಡೆಯನ್ನೇ ನೋಡುತ್ತ ಮಲಗುತ್ತಿದ್ದಳು. ಜಾಹೀರಾತಿನಲ್ಲಿ ಡ್ರ್ಯಾಗನ್, ಮಾಂತ್ರಿಕ, ನೂರು ತಾಸಿನ ಕಥೆ; ನೀವಾಡುವ ಪ್ರತಿ ಮಾತೂ ಕಥೆಯನ್ನು ಬದಲಿಸುತ್ತದೆ ಎಂಬ ಭರವಸೆ ಬೇರೆ. ಹಮಾಲಿಯಿಂದ ಶುರುಮಾಡಿ, ಮಾತಿನ ಮೇಲೆಯೇ ಮನೆ ಕಟ್ಟಿದವನು ನಾನು. ನಂಬಿದೆ.

ನಾನು ಆಡುವುದು, ಪರದೆಯ ಕೆಳಗೆ ಬರುವ ಇಂಗ್ಲಿಷನ್ನು ಕನ್ನಡ ಮಾಡಿ ಹೇಳುವುದು. ಎತ್ತ ಹೋಗಬೇಕೆಂದು ಆಕೆ ಅಪ್ಪಣೆ ಕೊಡುವುದು. ಮೊದಲ ಊರಲ್ಲೇ ಬಾವಿಯ ಹತ್ತಿರ ಒಬ್ಬ ಮುದುಕಿ ಎದೆಯ ಮೇಲೆ ಕೈಯಿಟ್ಟು, ಕಳೆದುಹೋದ ನನ್ನ ಮಗನನ್ನು ಹುಡುಕಿಕೊಡಿ ಎಂದಳು. ಗಿರಿಜಾ ದಿಂಬಿಗೊರಗಿ ಎದ್ದು ಕೂತಳು. ಎಷ್ಟು ದಿನದ ಮೇಲೆ!

"ಡ್ರ್ಯಾಗನ್ ಆಮ್ಯಾಲೆ ನೋಡೋಣ್ರಿ. ಮೊದಲ ಈಕಿ ಮಗನ್ನ ಕರ್ಕೊಂಬರ್ರಿ."

ನಡುವೆ ಒಬ್ಬ ರಾಜ, ಡ್ರ್ಯಾಗನ್ ಕೊಂದರೆ ನೂರು ಹೊನ್ನು ಕೊಡುತ್ತೇನೆ ಎಂದ. ಮೊದಲ ಮಾತಿಗೇ ಒಪ್ಪುವ ದಲಾಲಿ ಎಲ್ಲಾದರೂ ಇದ್ದಾನೆಯೇ? ಆಗದು ಎಂದು ಬಾಗಿಲ ಕಡೆ ನಡೆದೆ. ಗಂಗಾವತಿಯ ಬಟ್ಟೆ ಅಂಗಡಿಯಲ್ಲಾದರೆ ಮೆಟ್ಟಿಲು ಇಳಿಯುವಷ್ಟರಲ್ಲಿ "ಬರ್ರಿ ಅಣ್ಣಾರ, ಸಿಟ್ಟ್ಯಾಕ?" ಎಂದು ಕರೆಯುತ್ತಾರೆ. ಈ ರಾಜ ಕಂಬದಂತೆ ನಿಂತಿದ್ದ. ಮರಳಿ ಹೋದರೆ ಅದೇ ಮಾತು, ಅದೇ ನೂರು ಹೊನ್ನು. ನಾನು ಎದ್ದುಹೋದದ್ದೇ ಅವನಿಗೆ ಗೊತ್ತಿಲ್ಲ!

"ನಿಮಗ ತಕ್ಕ ಗಿರಾಕಿ ಸಿಕ್ಕಾನ ಬಿಡ್ರಿ," ಎಂದು ಗಿರಿಜಾ ನಕ್ಕಳು. ನನಗೆ ಅಲ್ಲೇ ಅನುಮಾನ ಬರಬೇಕಿತ್ತು.

ನಾಲ್ಕು ದಿನ ಬೆಟ್ಟ ಹತ್ತಿ, ತೋಳಗಳಿಂದ ಕಚ್ಚಿಸಿಕೊಂಡು, ಗವಿಯಿಂದ ಮಗನನ್ನು ಬಿಡಿಸಿ ತಂದು ತಾಯಿಯ ಎದುರಿಗೇ ನಿಲ್ಲಿಸಿದೆ. ಆಕೆ ಎದೆಯ ಮೇಲೆ ಕೈಯಿಟ್ಟು, ಕಳೆದುಹೋದ ನನ್ನ ಮಗನನ್ನು ಹುಡುಕಿಕೊಡಿ ಎಂದಳು.

ಗಿರಿಜಾಳ ಮುಖ ನೋಡಿ ಸುಳ್ಳು ಹೇಳಿದೆ. "ನಿಮ್ಮ ಹೊಟ್ಟಿ ತಣ್ಣಗಿರಲಿ ಅನ್ನಾಕತ್ಯಾಳ."

"ಕೈ ಮೊದಲಿನಂಗ ಐತಿ, ಬಾಯಿನೂ ಮೊದಲಿನಂಗ ಆಡಾಕತ್ತೈತಿ. ನನಗ ಇಂಗ್ಲಿಷ್ ಬರಂಗಿಲ್ಲ ಖರೆ, ಕಣ್ಣೂ ಇಲ್ಲೇನ್ರಿ? ಆಕಿ ಮಗನ್ನ ನೋಡೇ ಇಲ್ಲ." ಮತ್ತೆ ಗೋಡೆಯ ಕಡೆ ತಿರುಗಿದಳು.

ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಹುಲ್ಲಿನ ಒಂದೊಂದು ಎಸಳೂ ಗಾಳಿಗೆ ಅಲುಗುವಂತೆ ಮಾಡಿದ್ದಾರೆ, ತಾಯಿಗೆ ಎರಡನೆಯ ಮಾತು ಬರೆಯಲು ಒಬ್ಬನಿಗೂ ಪುರುಸೊತ್ತಿಲ್ಲ! ಇರಕಲ್ಲಗಡದಲ್ಲಿ ನಾನು ನೋಡಿದ ಬಯಲಾಟದ ರಾಜ, ಕೆಳಗೆ ಕೂತವರು ಕೆಣಕಿದರೆ ಕುಣಿತ ನಿಲ್ಲಿಸಿ ಉತ್ತರ ಕೊಡುತ್ತಿದ್ದ. ಮೇಲೆ ಒಳ್ಳೆಯ ಕಾಳು ತೋರಿಸಿ ಅಡಿಯಲ್ಲಿ ಜೊಳ್ಳು ತುಂಬುವವನನ್ನು ನಮ್ಮ ಪೇಟೆಯಲ್ಲಿ ಎರಡನೆಯ ಸಲ ಹತ್ತಿರ ಸೇರಿಸುವುದಿಲ್ಲ. ಈ ಆಟ ಮಾಡಿದವರಿಗೆ ಮಾತ್ರ ಬಹುಮಾನದ ಮೇಲೆ ಬಹುಮಾನ ಬಂದಿದೆಯಂತೆ!

ಕಂಪ್ಯೂಟರ್ ಬಂದ್ ಮಾಡಿ, ಉಳಿದ ಕಥೆಯನ್ನು ಬಾಯಲ್ಲೇ ಹೇಳಲು ಶುರುಮಾಡಿದೆ. ಮುದುಕಿಗೆ ಕಣ್ಣು ಮಂಜು, ಮಗನನ್ನು ಮುಟ್ಟಿ ನೋಡಿ ಅತ್ತಳು, ಎಂದೆ.

"ಮೊದಲ ಬೈತಾಳ," ಗೋಡೆಯ ಕಡೆಯಿಂದಲೇ ದನಿ ಬಂತು. "ಎಲ್ಲಿ ಹಾಳಾಗಿ ಹೋಗಿದ್ದಿ ಅಂತ."

ಇಲ್ಲ, ಮೊದಲು ಅಳುತ್ತಾಳೆ ಎಂದು ನಾನು ಹಟ ಹಿಡಿದೆ. ಜಗ್ಗಾಡಲು ಗಿರಿಜಾ ಈ ಕಡೆ ತಿರುಗಲೇಬೇಕಾಯಿತು.

ನಿಮಗೂ ಹೇಳುತ್ತೇನೆ, ಕೇಳಿ. ಇಂಥ ಆಟ ಕೊಳ್ಳುವ ಮುನ್ನ, ಅದು ಇರುವವರ ಮನೆಗೆ ಹೋಗಿ ಒಂದು ತಾಸು ಕೂತು ಆಡಿ. ಹುಲ್ಲು, ನೀರು, ಡ್ರ್ಯಾಗನ್ ನೋಡಿ ಮರುಳಾಗಬೇಡಿ. ಮೊದಲ ಊರಿನ ಯಾರಿಗಾದರೂ ಆಗದು ಎಂದು ಹೇಳಿ, ಬೆನ್ನು ತಿರುಗಿಸಿ ಹತ್ತು ಹೆಜ್ಜೆ ನಡೆಯಿರಿ. ಯಾರೂ ಹಿಂದಕ್ಕೆ ಕರೆಯದಿದ್ದರೆ, ಹಾಗೇ ನಿಮ್ಮ ಮನೆಯ ತನಕ ನಡೆದುಬಿಡಿ.